ಶಾಂತಿ ರಸ್ತೆಯಿಂದ ಹೆಗ್ಗೋಡಿಗೆ

ಬೆಂಗಳೂರಿನ ಶಾಂತಿನಗರ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಬಸ್ ನಿಲ್ದಾಣ, ಡಿಪೋ, ಡಬಲ್ ರೋಡಿನ ವಾಹನಗಳ ಗದ್ದಲ. ಆ ಗದ್ದಲ ಬಿಟ್ಟು ಒಳಗಿನ ಬೀದಿಗಳಿಗೆ ಹೊಕ್ಕರೆ ಸಾಲುಮನೆಗಳ ನಡುವೆ ಒಂದು ಬಾದಾಮಿ ಮರವಿದೆ. ಮರವನ್ನು ಬಳಸಿಕೊಂಡು ಒಂದು ಮನೆ. ವಿಳಾಸವೇ ಅದರ ಹೆಸರು: ಒನ್ ಶಾಂತಿರೋಡ್. ಚಿತ್ರಕಲಾ ಪರಿಷತ್ತಿನಲ್ಲಿ ಕಲಾ ಇತಿಹಾಸ ಪಾಠ ಹೇಳುತ್ತಿದ್ದ ಸುರೇಶ್ ಜಯರಾಮ್ 2003ರಲ್ಲಿ ಈ ಮನೆಯನ್ನು ಕಲಾವಿದರಿಗೆಂದು ತೆರೆದರು. ನಕ್ಷೆ ಮಾಡಿದ ವಾಸ್ತುಶಿಲ್ಪಿ ಮೀತಾ ಜೈನ್ ಮರಕ್ಕೆ ಕೊಡಲಿ ಹಾಕಿಸಲಿಲ್ಲ. ಅಂಗಳ, ಮೆಟ್ಟಿಲು, ಕೋಣೆಗಳೆಲ್ಲ ಮರಕ್ಕೆ ಜಾಗ ಬಿಟ್ಟುಕೊಂಡೇ ಎದ್ದವು.

ದೇಶದ ಬೇರೆ ಬೇರೆ ಊರುಗಳಿಂದ, ಹೊರದೇಶಗಳಿಂದ ಬಂದ ಕಲಾವಿದರು ಇಲ್ಲಿ ಕೆಲವು ವಾರ, ಕೆಲವು ತಿಂಗಳು ಉಳಿಯುತ್ತಾರೆ. ಮಲಗಲು ಕೋಣೆ, ಕೆಲಸಕ್ಕೆ ಒಂದಿಷ್ಟು ನೆಲ ಮತ್ತು ಗೋಡೆ, ಹೊತ್ತಿಗೆ ಸರಿಯಾಗಿ ಊಟ. ಅದಕ್ಕಿಂತ ಹೆಚ್ಚಾಗಿ, ‘ಎಲ್ಲಿಗೆ ಬಂತು ಕೆಲಸ, ಎಷ್ಟಕ್ಕೆ ಮಾರಾಟವಾಗುತ್ತೆ’ ಎಂದು ಯಾರೂ ಕೇಳದ ದಿನಗಳು. ಆರ್ಟಿಸ್ಟ್ ರೆಸಿಡೆನ್ಸಿ ಎಂಬುದರ ಸಾಮಾನ್ಯ ರೂಪ ಇದು. ಚಿತ್ರಕಲಾ ಪರಿಷತ್ತಿನಲ್ಲೋ ಕೆನ್ ಕಲಾಶಾಲೆಯಲ್ಲೋ ಓದು ಮುಗಿಸಿದ ಹುಡುಗನಿಗೆ ಇದರ ಬೆಲೆ ಗೊತ್ತು. ಕಾಲೇಜಿನ ಸ್ಟುಡಿಯೋ ಬಿಟ್ಟು ಹೊರಬಿದ್ದ ಮರುದಿನದಿಂದಲೇ ಆರಡಿ ಕ್ಯಾನ್ವಾಸ್ ಎಲ್ಲಿಡಬೇಕು ಎಂಬುದು ದೊಡ್ಡ ಸಮಸ್ಯೆ. ಬಾಡಿಗೆ ಕೋಣೆಯಲ್ಲಿ ಟರ್ಪೆಂಟೈನ್ ವಾಸನೆ ಬಂದರೆ ಮನೆ ಮಾಲೀಕರು ಸುಮ್ಮನಿರುವುದಿಲ್ಲ.

ಒಳಗೆ ಉಳಿದುಕೊಂಡವರಿಗೆ ಸಿಕ್ಕಿದ್ದೇನು ಎಂದು ಲೆಕ್ಕ ಹಾಕುವುದು ಸುಲಭ. ಆ ಬೀದಿಗೆ, ಆ ಊರಿಗೆ ಏನು ಸಿಕ್ಕಿತು? ಶಾಂತಿ ರಸ್ತೆಯಿಂದ ಹೆಸರಘಟ್ಟಕ್ಕೆ, ಅಲ್ಲಿಂದ ಮಲೆನಾಡಿನ ಹೆಗ್ಗೋಡಿಗೆ ಹೋಗುವ ದಾರಿಯುದ್ದಕ್ಕೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಒನ್ ಶಾಂತಿರೋಡಿನ ಮಟ್ಟಿಗೆ ಉತ್ತರವನ್ನು ಒಬ್ಬ ಪೊಲೀಸ್ ಪೇದೆಯಿಂದಲೇ ಶುರು ಮಾಡಬಹುದು. ಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ಕಾನ್‌ಸ್ಟೇಬಲ್ ಆಗಿದ್ದ ಬಿ.ಎಸ್. ಶಿವರಾಜು ಈ ಮನೆಯ ಒಡನಾಟಕ್ಕೆ ಬಿದ್ದರು. ಬಂದುಹೋಗುವ ಕಲಾವಿದರ ನಡುವೆ ಓಡಾಡಿಕೊಂಡು, ಮನೆಯ ಕೆಲಸಕಾರ್ಯಗಳ ಉಸ್ತುವಾರಿ ನೋಡಿಕೊಳ್ಳುತ್ತ ಕ್ಯಾಮೆರಾ ಹಿಡಿದರು. ಈಗ ಕಲಾವಲಯದಲ್ಲಿ ಅವರು ‘ಕಾಪ್ ಶಿವ’. ಹಳ್ಳಿಯ ಶಾಲಾ ಮೇಷ್ಟ್ರೊಬ್ಬರು ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು, ದುಂಡು ಕನ್ನಡಕ ತೊಟ್ಟು, ಕೋಲು ಹಿಡಿದು ಗಾಂಧಿಯಾಗಿ ನಿಲ್ಲುತ್ತಾರೆ. ಅವರ ಬೆನ್ನುಹತ್ತಿ ಶಿವ ತೆಗೆದ ‘ಬೀಯಿಂಗ್ ಗಾಂಧಿ’ ಚಿತ್ರಮಾಲೆ ದೇಶವಿದೇಶಗಳಲ್ಲಿ ಪ್ರದರ್ಶನ ಕಂಡಿದೆ. ಎಂ.ಜಿ.ಆರ್. ವೇಷ ಹಾಕುವ ಅಭಿಮಾನಿಯೊಬ್ಬರ ಮೇಲೂ ಅವರದೊಂದು ಮಾಲೆಯಿದೆ. ಹಳ್ಳಿ ಮತ್ತು ನಗರದ ನಡುವೆ ಸಿಕ್ಕಿಕೊಂಡ ಜನ, ವೇಷದಲ್ಲಿ ತಮ್ಮನ್ನು ಹುಡುಕಿಕೊಳ್ಳುವ ಜನ ಅವರ ಚಿತ್ರಗಳ ತುಂಬ ಇದ್ದಾರೆ. ದೃಶ್ಯಕಲೆಯ ಪದವಿಯಿಲ್ಲದ ಪೇದೆಗೆ ಯಾವ ಗ್ಯಾಲರಿಯ ಬಾಗಿಲು ತಾನಾಗಿ ತೆರೆಯುತ್ತಿತ್ತು? ಇಲ್ಲಿ ಬಾಗಿಲು ತೆರೆದೇ ಇತ್ತು.

ಸಂಜೆಯ ಸ್ಲೈಡ್ ಶೋ, ಮಾತುಕತೆ, ಪ್ರದರ್ಶನದ ಉದ್ಘಾಟನೆಗಳಿಗೆ ಪಾಸು, ಟಿಕೆಟ್ಟಿನ ಗೊಡವೆಯಿಲ್ಲ. ಅತಿಥಿ ಕಲಾವಿದ ತನ್ನ ಕೆಲಸದ ಬಗ್ಗೆ ಹೇಳುತ್ತಾನೆ. ಮೆಟ್ಟಿಲ ಮೇಲೆ ಕೂತ ಎರಡನೇ ವರ್ಷದ ವಿದ್ಯಾರ್ಥಿನಿ ತನಗನಿಸಿದ್ದನ್ನು ಕೇಳುತ್ತಾಳೆ. ಆಮೇಲೆ ಎಲ್ಲರೂ ಅಡುಗೆಮನೆಯ ಕಡೆ ಹೊರಡುತ್ತಾರೆ. ಸುರೇಶ್ ಜಯರಾಮ್ ಅವರ ಅಡುಗೆಮನೆ ಬೆಂಗಳೂರಿನ ಕಲಾವಿದರಿಗೆಲ್ಲ ಪರಿಚಿತ. ಎಷ್ಟೋ ಹೊಸ ಕೆಲಸಗಳ ಮಾತು ಹುಟ್ಟುವುದು ವೇದಿಕೆಯಲ್ಲಲ್ಲ, ತಟ್ಟೆ ಹಿಡಿದು ನಿಂತಾಗ. ಈ ಮನೆ ತೆರೆಯುವುದಕ್ಕೂ ಎರಡು ವರ್ಷ ಮೊದಲು, 2001ರಲ್ಲಿ, ನಗರದ ಕೆಲವು ಕಲಾವಿದರೇ ಸೇರಿ ‘ಬಾರ್ ಒನ್’ ಎಂಬ ರೆಸಿಡೆನ್ಸಿ ಆರಂಭಿಸಿದ್ದರು. ಸರ್ಕಾರವೋ ದೊಡ್ಡ ಕಂಪನಿಯೋ ಮಾಡಲಿ ಎಂದು ಕಾಯದೆ, ಇದ್ದ ಮನೆ, ಇದ್ದ ಸ್ನೇಹಗಳನ್ನೇ ಬಂಡವಾಳ ಮಾಡಿಕೊಂಡದ್ದು ಬೆಂಗಳೂರಿನ ಕಲಾವಿದರ ದೊಡ್ಡತನ.

ನಗರದಿಂದ ವಾಯವ್ಯಕ್ಕೆ ಹೊರಟರೆ ಯಲಹಂಕ, ಜಾಲಹಳ್ಳಿಗಳ ಆಚೆ ಹೆಸರಘಟ್ಟ. ಅರ್ಕಾವತಿಗೆ 1894ರಲ್ಲಿ ಅಡ್ಡಲಾಗಿ ಕಟ್ಟಿದ ಈ ಕೆರೆ ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತ್ತು. ಈಗ ಸುತ್ತಮುತ್ತ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಜಾನುವಾರು ತಳಿ ಕೇಂದ್ರ, ಹಕ್ಕಿ ನೋಡುವವರನ್ನು ಸೆಳೆಯುವ ಹುಲ್ಲುಗಾವಲು. ಇವುಗಳ ನಡುವೆ 10 ಎಕರೆ ಜಾಗದಲ್ಲಿ ನೃತ್ಯಗ್ರಾಮ.

ಒಡಿಸ್ಸಿ ನರ್ತಕಿ ಪ್ರೊತಿಮಾ ಗೌರಿ ಬೇಡಿ ಇದನ್ನು ಕಟ್ಟಿದ್ದು ರಾಜ್ಯ ಸರ್ಕಾರ ಗುತ್ತಿಗೆಗೆ ಕೊಟ್ಟ ನೆಲದಲ್ಲಿ. ಮುಂಬಯಿಯಲ್ಲಿ ರೂಪದರ್ಶಿಯಾಗಿದ್ದ ಪ್ರೊತಿಮಾ 1975ರಲ್ಲಿ ಆಕಸ್ಮಿಕವಾಗಿ ಒಡಿಸ್ಸಿ ನೋಡಿ, ಎಲ್ಲ ಬಿಟ್ಟು ಕಟಕ್‌ಗೆ ಹೋಗಿ ಗುರು ಕೇಳುಚರಣ ಮಹಾಪಾತ್ರರ ಶಿಷ್ಯೆಯಾದವರು. 1990ರ ಮೇ 11ರಂದು ಆಗಿನ ಪ್ರಧಾನಿ ವಿ.ಪಿ. ಸಿಂಗ್ ನೃತ್ಯಗ್ರಾಮವನ್ನು ಉದ್ಘಾಟಿಸಿದರು. ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಕಲ್ಲು, ಮಣ್ಣು, ಇಟ್ಟಿಗೆಗಳಲ್ಲಿ ಕಟ್ಟಿದ ಕುಟೀರಗಳು, ಬಯಲು ರಂಗಮಂದಿರ ಇಂದಿಗೂ ಸುತ್ತಲಿನ ಹಳ್ಳಿಯ ಮನೆಗಳ ಪಕ್ಕದಲ್ಲಿ ಪರಕೀಯವಾಗಿ ಕಾಣುವುದಿಲ್ಲ. ಏಳು ಶಾಸ್ತ್ರೀಯ ನೃತ್ಯಗಳಿಗೆ ಏಳು ಗುರುಕುಲ ಎಂಬುದು ಪ್ರೊತಿಮಾ ಅವರ ಮೂಲ ಕನಸು. ಒಡಿಸ್ಸಿ, ಕಥಕ್, ಮೋಹಿನಿಯಾಟ್ಟಂ ಶುರುವಾದವು. ಬಲವಾಗಿ ಬೇರು ಬಿಟ್ಟದ್ದು ಒಡಿಸ್ಸಿ. 1998ರ ಆಗಸ್ಟ್‌ನಲ್ಲಿ ಕೈಲಾಸ ಮಾನಸ ಸರೋವರದ ಯಾತ್ರೆಯಲ್ಲಿದ್ದಾಗ ಮಾಲ್ಪಾದ ಭೂಕುಸಿತ ಪ್ರೊತಿಮಾ ಅವರನ್ನು ಬಲಿ ತೆಗೆದುಕೊಂಡಿತು. ಸಂಸ್ಥಾಪಕರು ಹೋದಮೇಲೆ ಬಾಗಿಲು ಮುಚ್ಚಿದ ಸಂಸ್ಥೆಗಳೇ ನಮ್ಮಲ್ಲಿ ಹೆಚ್ಚು. ನೃತ್ಯಗ್ರಾಮ ಮುಚ್ಚಲಿಲ್ಲ.

ಏಕೆ ಎಂಬುದು ಅಲ್ಲಿನ ಅಭ್ಯಾಸ ನೋಡಿದರೆ ತಿಳಿಯುತ್ತದೆ. ಒಡಿಸ್ಸಿಯ ಮೂಲ ನಿಲುವು ಚೌಕ. ಪಾದಗಳನ್ನು ಅಗಲಿಸಿ, ಮೊಣಕಾಲುಗಳನ್ನು ಹೊರಕ್ಕೆ ಬಾಗಿಸಿ, ತೋಳುಗಳನ್ನು ಭುಜದ ಮಟ್ಟಕ್ಕೆತ್ತಿ ಮೊಣಕೈಯಲ್ಲಿ ಮಡಿಸಿ ನಿಲ್ಲಬೇಕು. ಬೆನ್ನು ನೆಟ್ಟಗೆ, ಭಾರ ಎರಡೂ ಕಾಲಿಗೆ ಸಮ. ನೋಡಲು ಸುಲಭ. ತಾಳಕ್ಕೆ ಸರಿಯಾಗಿ ಅದೇ ನಿಲುವಿನಲ್ಲಿ ಪಾದ ತಟ್ಟುತ್ತ ಹೋದರೆ ಕೆಲವೇ ನಿಮಿಷಗಳಲ್ಲಿ ತೊಡೆ ನಡುಗತೊಡಗುತ್ತದೆ, ಬೆವರು ನೆಲಕ್ಕೆ ತೊಟ್ಟಿಕ್ಕುತ್ತದೆ. ಇನ್ನೊಂದು ನಿಲುವು ತ್ರಿಭಂಗಿ. ಕತ್ತು, ಸೊಂಟ, ಮೊಣಕಾಲುಗಳಲ್ಲಿ ಮೂರು ಬಾಗು. ಇವೆರಡರ ನಡುವೆ ಎದೆಯ ಭಾಗ ಅತ್ತಿಂದಿತ್ತ ತೂಗಬೇಕು, ಸೊಂಟ ಕದಲಬಾರದು. ವಾರಕ್ಕೆರಡು ಸಂಜೆ ಟ್ಯೂಷನ್ನಿಗೆ ಹೋಗಿ ಒಲಿಸಿಕೊಳ್ಳುವ ವಿದ್ಯೆಯಲ್ಲ ಇದು. ಮುಂಜಾನೆ ಎದ್ದು ವ್ಯಾಯಾಮ, ಅಂಗಳದ ಕೆಲಸ, ದಿನವಿಡೀ ಅಭ್ಯಾಸ, ಮತ್ತೆ ಮರುದಿನ ಅದೇ. ಮನೆ, ಶಾಲೆ, ರಂಗ ಮೂರೂ ಒಂದೇ ಆಗಿರುವ ಜಾಗ ಬೇಕು. ನೃತ್ಯಗ್ರಾಮದ ಮೊದಲ ವಿದ್ಯಾರ್ಥಿನಿ ಸುರೂಪಾ ಸೇನ್ ಅಲ್ಲೇ ಉಳಿದು ನೃತ್ಯ ಸಂಯೋಜಕಿಯಾದರು. 1993ರಲ್ಲಿ ಬಂದ ಬಿಜಯಿನಿ ಸತ್ಪತಿ ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲಿ ಕುಣಿದರು, ಕಲಿಸಿದರು. ಆಮೇಲೆ ಏಕವ್ಯಕ್ತಿ ಪ್ರಯೋಗಗಳ ದಾರಿ ಹಿಡಿದ ಅವರನ್ನು 2021-22ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ರೆಸಿಡೆನ್ಸಿಗೆ ಕರೆಸಿಕೊಂಡಿತು.

ಊರಿಗೇನು ಸಿಕ್ಕಿತು ಎಂಬುದಕ್ಕೆ ಇಲ್ಲಿ ಉತ್ತರ ಪವಿತ್ರಾ ರೆಡ್ಡಿ. ನೃತ್ಯಗ್ರಾಮ ಶುರುವಾದ ವರ್ಷವೇ ಸುತ್ತಲಿನ ಹಳ್ಳಿಗಳ ಮಕ್ಕಳಿಗೆಂದು ತರಗತಿಗಳು ಆರಂಭವಾದವು. ಆ ತರಗತಿಗೆ ಬಂದ ಪುಟ್ಟ ಹುಡುಗಿಯರಲ್ಲಿ ಪವಿತ್ರಾ ಒಬ್ಬರು. ಬೆಳೆದು ನೃತ್ಯಗ್ರಾಮದ ತಂಡದ ಮುಖ್ಯ ನರ್ತಕಿಯರ ಸಾಲಿಗೆ ಸೇರಿದರು, ನ್ಯೂಯಾರ್ಕಿನ ಜಾಯ್ಸ್ ಥಿಯೇಟರ್‌ವರೆಗೆ ಹೋಗಿ ಕುಣಿದರು. ಶ್ರೀಲಂಕಾದ ಚಿತ್ರಸೇನ ತಂಡದ ಜೊತೆಗೂಡಿ ನೃತ್ಯಗ್ರಾಮ ಕಟ್ಟಿದ ‘ಸಂಹಾರ’, ‘ಆಹುತಿ’ ಪ್ರಯೋಗಗಳಲ್ಲಿ ಕ್ಯಾಂಡಿಯ ಡೋಲಿನ ಪೆಟ್ಟಿಗೂ ಒಡಿಸ್ಸಿಯ ಮರ್ದಳಕ್ಕೂ ಒಂದೇ ರಂಗದ ಮೇಲೆ ಮುಖಾಮುಖಿಯಾಯಿತು. ಹೆಸರಘಟ್ಟದ ಸುತ್ತಲಿನ ಹಳ್ಳಿಯ ಎಲ್ಲ ಮಕ್ಕಳೂ ಪವಿತ್ರಾ ಆಗುವುದಿಲ್ಲ, ಆಗಬೇಕಿಲ್ಲ. ಶನಿವಾರ-ಭಾನುವಾರ ಗೆಜ್ಜೆ ಕಟ್ಟಿಕೊಂಡು ಕೆಲವು ವರ್ಷ ಕಲಿತ ಹುಡುಗಿ ಮುಂದೆ ಶಿಕ್ಷಕಿಯೋ ನರ್ಸೋ ಆದಾಗಲೂ, ತನ್ನೂರಿನ ರಸ್ತೆಯಂಚಿನ ಆ ಕಲ್ಲಿನ ಗೋಡೆಯಾಚೆ ಏನು ನಡೆಯುತ್ತದೆ ಎಂಬುದು ಅವಳಿಗೆ ಮೈಯಿಂದಲೇ ಗೊತ್ತಿರುತ್ತದೆ.

ಮೊದಲ ವರ್ಷಗಳಲ್ಲಿ ಊರಿಗೂ ನಗರಕ್ಕೂ ನೃತ್ಯಗ್ರಾಮ ಕೊಟ್ಟ ಇನ್ನೊಂದು ಕೊಡುಗೆ ವಸಂತಹಬ್ಬ. ಬಯಲು ರಂಗಮಂದಿರದಲ್ಲಿ ರಾತ್ರಿಯಿಡೀ ಸಂಗೀತ, ನೃತ್ಯ, ಪ್ರವೇಶ ಉಚಿತ. ದೊಡ್ಡ ದೊಡ್ಡ ಕಲಾವಿದರನ್ನು ಕೇಳಲು ಸಾವಿರಾರು ಜನ ಚಾಪೆ, ಕಂಬಳಿ ಹಿಡಿದು ಬರುತ್ತಿದ್ದರು. ಹಳ್ಳಿಯವರೂ ಐಟಿ ಕಂಪನಿಯವರೂ ಒಂದೇ ಕಲ್ಲಿನ ಮೆಟ್ಟಿಲ ಮೇಲೆ ಕೂತು ಬೆಳಗು ಮಾಡುತ್ತಿದ್ದರು. ಎರಡು ಸಾವಿರದ ದಶಕದ ಮಧ್ಯದಲ್ಲಿ ಹಬ್ಬ ನಿಂತುಹೋಯಿತು. ಖರ್ಚಿಗೆ ಹಣವಿಲ್ಲದ್ದೂ ಒಂದು ಕಾರಣ. ಇಂಥ ರಾತ್ರಿಗೆ ಬೇಕಾಗುವ ಹಣ ಬೆಂಗಳೂರಿನಂಥ ನಗರದ ಕೈಯಲ್ಲಿ ಇಲ್ಲವೆಂದು ಒಪ್ಪುವುದು ಕಷ್ಟ. ನೃತ್ಯಗ್ರಾಮದ ಚರಿತ್ರೆಯಲ್ಲಿ ಇದೊಂದು ನಷ್ಟ, ಈಗಲೂ ತುಂಬಿಲ್ಲ.

ಇದೇ ಆವರಣದಲ್ಲಿ ಹಲವು ವರ್ಷ ಲೇಖಕರೂ ಬಂದು ಉಳಿದರು. ಅನುವಾದಕಿ ಅರ್ಷಿಯಾ ಸತ್ತಾರ್ ಮತ್ತು ಅಮೆರಿಕದ ಲೇಖಕ ಡಿ.ಡಬ್ಲ್ಯು. ಗಿಬ್ಸನ್ 2008ರಲ್ಲಿ ‘ಸಂಗಮ್ ಹೌಸ್’ ಎಂಬ ಲೇಖಕರ ರೆಸಿಡೆನ್ಸಿ ಕಟ್ಟಿದರು. ಪುದುಚೇರಿಯ ಬಳಿಯ ಆದಿಶಕ್ತಿ ರಂಗಸಂಸ್ಥೆಯಲ್ಲಿ ಶುರುವಾಗಿ ಅದು ಹೆಸರಘಟ್ಟಕ್ಕೆ ಬಂತು. ಇಂಗ್ಲಿಷಿನ ಜೊತೆಗೆ ಭಾರತೀಯ ಭಾಷೆಗಳಲ್ಲಿ ಬರೆಯುವವರಿಗೂ ಅಲ್ಲಿ ಜಾಗವಿತ್ತು. ನಮ್ಮ ಭಾಷೆಗಳ ಬಹುಪಾಲು ಲೇಖಕರು ಬ್ಯಾಂಕು, ಶಾಲೆ, ಕಚೇರಿಗಳ ಕೆಲಸ ಮುಗಿಸಿ ರಾತ್ರಿ ಊಟವಾದಮೇಲೆ ಬರೆಯುವವರು. ಅಂಥವರಿಗೆ ಅಡುಗೆ, ಮಕ್ಕಳ ಹೋಂವರ್ಕ್, ಕರೆಂಟ್ ಬಿಲ್ಲಿನ ಚಿಂತೆಯಿಲ್ಲದ ಕೆಲವು ವಾರ ಸಿಗುವುದು ಸಣ್ಣ ಸಂಗತಿಯಲ್ಲ. ಹೆಣ್ಣುಮಕ್ಕಳಿಗಂತೂ ಅಲ್ಲವೇ ಅಲ್ಲ.

ಊರಿಗೇನು ಲಾಭ ಎಂಬ ಪ್ರಶ್ನೆ ಹಳೆಯದು, ಒಮ್ಮೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೀಟರ್‌ಬರೊ ಎಂಬ ಸಣ್ಣ ಊರಿನಲ್ಲಿ ಸಂಗೀತ ಸಂಯೋಜಕ ಎಡ್ವರ್ಡ್ ಮ್ಯಾಕ್‌ಡೊವೆಲ್ ಮತ್ತು ಅವರ ಪತ್ನಿ, ಪಿಯಾನೊ ವಾದಕಿ ಮೇರಿಯನ್ 1907ರಲ್ಲಿ ತಮ್ಮ ಜಮೀನನ್ನು ಕಲಾವಿದರಿಗೆ ತೆರೆದಿದ್ದರು. ಮರುವರ್ಷವೇ ಎಡ್ವರ್ಡ್ ತೀರಿಕೊಂಡರು. ಮೇರಿಯನ್ ಊರೂರು ಸುತ್ತಿ ಪಿಯಾನೊ ನುಡಿಸಿ, ಮಹಿಳಾ ಸಂಗೀತ ಸಂಘಗಳಿಂದ ಹಣ ಕೂಡಿಸಿ ಸಂಸ್ಥೆಯನ್ನು ಉಳಿಸಿದರು. ಕಾಡಿನಲ್ಲಿ ಚದುರಿದ 32 ಸ್ಟುಡಿಯೋಗಳಲ್ಲಿ ಕೂತವರ ಗಮನ ಕದಡದಂತೆ ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿ ತಂದು ಜಗಲಿಯ ಮೇಲಿಟ್ಟು ಸದ್ದಿಲ್ಲದೆ ಹೋಗುವ ಪದ್ಧತಿ ಅಲ್ಲಿಯದು. ನಾಟಕಕಾರ ಥಾರ್ನ್‌ಟನ್ ವೈಲ್ಡರ್ ‘ಅವರ್ ಟೌನ್’ ನಾಟಕದ ಒಂದಷ್ಟು ಭಾಗ ಬರೆದದ್ದು ಅಲ್ಲೇ. ಇಷ್ಟೆಲ್ಲ ಇದ್ದರೂ ಊರಿನ ಆಡಳಿತ ಕೇಳಿತು: ಕಲಾವಿದರಿಗೆ ಅನುಕೂಲವಾದರೆ ಸಾರ್ವಜನಿಕರಿಗೇನು? ಈ ಜಮೀನಿಗೆ ತೆರಿಗೆ ವಿನಾಯಿತಿ ಯಾಕೆ? 2008ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸಂಸ್ಥೆಯ ಪರ ತೀರ್ಪು ಕೊಟ್ಟಿತು. ಕಲೆಗೆ ಒತ್ತಾಸೆ ಕೊಡುವುದರಿಂದ ಸಾರ್ವಜನಿಕರಿಗೂ ಪ್ರಯೋಜನವಿದೆ ಎಂದು ಒಪ್ಪಿತು. ಊರಿನ ಆಡಳಿತ ಪ್ರಶ್ನೆ ಕೇಳಿದ್ದು ತಪ್ಪೇನಲ್ಲ. ಸಾರ್ವಜನಿಕರ ನೆಲ, ಸಾರ್ವಜನಿಕರ ವಿನಾಯಿತಿ ಪಡೆದ ಸಂಸ್ಥೆ ಆ ಪ್ರಶ್ನೆಗೆ ವರ್ಷ ವರ್ಷವೂ ಉತ್ತರಿಸುತ್ತಿರಬೇಕು.

ಉತ್ತರವನ್ನು ಅತಿ ಹೆಚ್ಚು ಕಾಲದಿಂದ ಕೊಡುತ್ತ ಬಂದಿರುವ ಜಾಗ ನೋಡಬೇಕಾದರೆ ರಾತ್ರಿಯ ತಾಳಗುಪ್ಪ ರೈಲು ಹತ್ತಬೇಕು. ಅರಸೀಕೆರೆ, ಬೀರೂರು, ಭದ್ರಾವತಿ, ಶಿವಮೊಗ್ಗ ದಾಟಿ ರೈಲು ಸಾಗರ ತಲುಪುವ ಹೊತ್ತಿಗೆ ಬಯಲುಸೀಮೆಯ ಗಾಳಿ ಹಿಂದೆ ಉಳಿದಿರುತ್ತದೆ. ಸಾಗರದಿಂದ ಹೆಗ್ಗೋಡಿಗೆ ಬಸ್ಸಿನಲ್ಲಿ ಹೆಚ್ಚು ಹೊತ್ತಿಲ್ಲ. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ. ಈ ಊರಿನ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಹುಟ್ಟಿದ್ದು 1949ರಲ್ಲಿ.

ನೀನಾಸಮ್ ತನ್ನನ್ನು ರೆಸಿಡೆನ್ಸಿ ಎಂದು ಕರೆದುಕೊಂಡಿಲ್ಲ. ಕೃಷಿಕರ ಹವ್ಯಾಸಿ ನಾಟಕ ತಂಡವಾಗಿ ಶುರುವಾದದ್ದು ಅದು. ಮೈಸೂರಿನಲ್ಲಿ ಓದಿ ಊರಿಗೆ ಮರಳಿ ಅಡಿಕೆ ತೋಟ ನೋಡಿಕೊಂಡಿದ್ದ ಕೆ.ವಿ. ಸುಬ್ಬಣ್ಣ ಅದನ್ನು ಬೆಳೆಸಿದ ರೀತಿ ನೋಡಿ: 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ, ಮರುವರ್ಷ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ನಾಟಕ ತಂಡ ‘ತಿರುಗಾಟ’. ಸತ್ಯಜಿತ್ ರಾಯ್, ಕುರೊಸಾವಾ ಅವರ ಸಿನಿಮಾಗಳು ಮಹಾನಗರದ ಫಿಲ್ಮ್ ಸೊಸೈಟಿಗಳಿಗೆ ಮೀಸಲು ಎಂದುಕೊಂಡಿದ್ದ ಕಾಲದಲ್ಲಿ ಹೆಗ್ಗೋಡಿನ ಜನ ತೋಟದ ಕೆಲಸ ಮುಗಿಸಿ ಬಂದು ಅವನ್ನು ನೋಡಿದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ರಶಸ್ತಿ ಬಂದದ್ದಕ್ಕಿಂತ, ಬಂದಮೇಲೂ ಸಂಸ್ಥೆ ಊರು ಬಿಟ್ಟು ಕದಲಲಿಲ್ಲ ಎಂಬುದು ಹೆಚ್ಚಿನ ಮಾತು.

ರಂಗಶಿಕ್ಷಣಕ್ಕೆ ಬಂದ ಹುಡುಗ-ಹುಡುಗಿಯರು ಹತ್ತು ತಿಂಗಳ ಹತ್ತಿರ ಇಲ್ಲೇ ಇರುತ್ತಾರೆ. ರಾಯಚೂರಿನ ಹುಡುಗನಿಗೆ ಮಲೆನಾಡಿನ ಮಳೆ ಹೊಸದು, ಚಾಮರಾಜನಗರದ ಹುಡುಗಿಗೆ ಇಲ್ಲಿನ ಕನ್ನಡ ಹೊಸದು. ಅತಿಥಿ ನಿರ್ದೇಶಕರು ಬಂದು ಉಳಿದು ನಾಟಕ ಕಟ್ಟಿಸುತ್ತಾರೆ. ನಾಟಕ ಸಿದ್ಧವಾದ ಮೇಲೆ ಮೊದಲು ನೋಡುವುದು ಊರಿನವರು. ಶೇಕ್ಸ್‌ಪಿಯರ್, ಬ್ರೆಕ್ಟ್, ಕಾಳಿದಾಸ, ಕಾರ್ನಾಡ, ಎಲ್ಲರನ್ನೂ ಕಂಡ ಕಣ್ಣು ಅವರದು. ಯಕ್ಷಗಾನ ನೋಡಿ ಪಳಗಿದ ಕಣ್ಣು. ಎರಡನೇ ಅಂಕ ಎಳೆಯಿತು ಎಂದು ಅವರಿಗೆ ಅನಿಸಿದರೆ ಮುಖ ನೋಡಿಯೇ ಗೊತ್ತಾಗುತ್ತದೆ. ಕಲಿಯುವ ನಟನಿಗೆ ಇದಕ್ಕಿಂತ ದೊಡ್ಡ ವಿದ್ಯಾರ್ಥಿವೇತನ ಸಿಗಲಾರದು. ಊರಿನ ಹವ್ಯಾಸಿ ತಂಡವೂ ನಿಂತಿಲ್ಲ. ಅಂಗಡಿ, ತೋಟ, ಶಾಲೆಗಳಲ್ಲಿ ದುಡಿಯುವವರು ಸಂಜೆ ಬಣ್ಣ ಹಚ್ಚುತ್ತಾರೆ. ಅಕ್ಟೋಬರದ ಸಂಸ್ಕೃತಿ ಶಿಬಿರಕ್ಕೆ ಕನ್ನಡನಾಡಿನ ಮೂಲೆಮೂಲೆಯಿಂದ ಜನ ಬಂದು ವಾರವಿಡೀ ಚರ್ಚೆ, ಓದು, ನಾಟಕಗಳಲ್ಲಿ ಮುಳುಗಿದಾಗ ಊರಿನವರು ಅತಿಥೇಯರೂ ಹೌದು, ಸಂಜೆಯ ಪ್ರೇಕ್ಷಕರೂ ಹೌದು.

ಬಂದವರಲ್ಲಿ ಕೆಲವರು ಹಿಂದಿರುಗಲೇ ಇಲ್ಲ. ‘ಸಮುದಾಯ’ದ ಮೂಲಕ ಬೀದಿನಾಟಕಗಳನ್ನು ಕಟ್ಟಿದ್ದ ನಿರ್ದೇಶಕ ಪ್ರಸನ್ನ ಹೆಗ್ಗೋಡಿನಲ್ಲೇ ನೆಲೆಸಿದರು. ಹತ್ತಿರದ ಭೀಮನಕೋಣೆಯಲ್ಲಿ ಅವರ ಮುಂದಾಳ್ತನದಲ್ಲಿ ಎದ್ದದ್ದು ‘ಚರಕ’, ಹಳ್ಳಿಯ ಹೆಣ್ಣುಮಕ್ಕಳ ನೇಕಾರಿಕೆಯ ಸಹಕಾರಿ ಸಂಘ. ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ಚೊಗರು ಅಲ್ಲಿ ಬಣ್ಣದ ಹಂಡೆಗೆ ಹೋಗುತ್ತದೆ. ನೂಲಿನ ಲಡಿಯನ್ನು ಅದ್ದಿ, ಹಿಂಡಿ, ಒಣಗಿಸಿದರೆ ಮಣ್ಣಿನ ಕೆಂಪು ಬಣ್ಣ ಏರುತ್ತದೆ. ಪ್ರತಿ ತೋಟದ ಮನೆಯಲ್ಲೂ ಸುಗ್ಗಿಯಲ್ಲಿ ಸಿಗುವ ಚೊಗರು ಕೈಮಗ್ಗದ ಜುಬ್ಬಾ, ಸೀರೆಗಳಾಗಿ ‘ದೇಸಿ’ ಅಂಗಡಿಗಳ ಮೂಲಕ ಬೆಂಗಳೂರಿಗೆ ಹೋಗುತ್ತದೆ. ರಂಗಭೂಮಿಗೂ ಬಟ್ಟೆಗೂ ಏನು ಸಂಬಂಧ ಎಂದು ಕೇಳುವವರು ಕೇಳಲಿ. ನಾಟಕಕ್ಕೆಂದು ಒಂದು ಊರಿಗೆ ಬಂದ ಕಲಾವಿದ ಆ ಊರಿನ ದುಡಿಮೆಯನ್ನು ಕಣ್ಣಿಟ್ಟು ನೋಡಿದ್ದರಿಂದಲೇ ಇಷ್ಟು ಮಗ್ಗಗಳು ಎದ್ದವು.

ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರ ಕಟ್ಟಿಸಿದ ರಂಗಮಂದಿರಗಳಿವೆ, ಕಲಾಭವನಗಳಿವೆ. ಕಾರ್ಯಕ್ರಮದ ದಿನ ಬೀಗ ತೆಗೆದು, ಮುಗಿದ ರಾತ್ರಿಯೇ ಮತ್ತೆ ಬೀಗ ಹಾಕುವುದು ಅಲ್ಲಿನ ರೂಢಿ. ಅವುಗಳ ಪಕ್ಕದಲ್ಲಿ ಎರಡು ಕೋಣೆ, ಒಂದು ಅಡುಗೆಮನೆ ಸೇರಿಸಿ, ಕಲಾವಿದರನ್ನು ಒಂದೊಂದು ತಿಂಗಳು ಇರಗೊಟ್ಟು, ಶಾಲಾ ಮಕ್ಕಳಿಗೆ ಸಂಜೆ ಬಾಗಿಲು ತೆರೆದಿಟ್ಟರೆ ಕಟ್ಟಡಕ್ಕೆ ಹಾಕಿದ ಹಣಕ್ಕೂ ಅರ್ಥ ಬಂದೀತು. ಕಲಬುರಗಿಗೆ, ಬೀದರಿಗೆ, ಕೋಲಾರಕ್ಕೆ ಇದು ಬೆಂಗಳೂರಿಗಿಂತ ತುರ್ತಾಗಿ ಬೇಕು. ಶಾಂತಿ ರಸ್ತೆಯ ಮನೆಯಾಗಲಿ ಹೆಗ್ಗೋಡಿನ ಸಂಘವಾಗಲಿ ದೊಡ್ಡ ಬಜೆಟ್ಟಿನಿಂದ ಶುರುವಾದವಲ್ಲ.

ನೀನಾಸಮ್‌ನ ತಿರುಗಾಟದ ಕ್ರಮದಲ್ಲೂ ಕಲಾವಿದರ ಮತ್ತು ಊರಿನ ನಡುವೆ ಇಂಥದೇ ಕೊಡುಕೊಳೆ ಇದೆ. ಮಳೆಗಾಲದಲ್ಲಿ ಹೆಗ್ಗೋಡಿನಲ್ಲಿ ತಾಲೀಮು ಮುಗಿಸಿದ ತಂಡ ಆಮೇಲೆ ರಂಗಸಜ್ಜಿಕೆ, ದೀಪ, ವೇಷದ ಪೆಟ್ಟಿಗೆಗಳನ್ನು ತುಂಬಿಕೊಂಡು ತಿಂಗಳುಗಟ್ಟಲೆ ರಾಜ್ಯ ಸುತ್ತುತ್ತದೆ. ಒಂದು ಊರಿನಲ್ಲಿ ಶಾಲೆಯ ಸಭಾಂಗಣ, ಇನ್ನೊಂದರಲ್ಲಿ ಬಯಲು. ನಾಟಕ ಕರೆಸುವವರು ಆಯಾ ಊರಿನ ಸಂಘ, ಕಾಲೇಜು, ಹವ್ಯಾಸಿ ತಂಡಗಳವರು. ಟಿಕೆಟ್ ಮಾರುವುದು, ವೇದಿಕೆಗೆ ಕರೆಂಟ್ ಎಳೆಸುವುದು, ಪ್ರದರ್ಶನದ ನಂತರ ನಟರಿಗೆ ಊಟ ಬಡಿಸಿ ಮಲಗಲು ಜಾಗ ಮಾಡುವುದು ಅವರ ಪಾಲಿನ ಕೆಲಸ. ಹೆಗ್ಗೋಡಿನಲ್ಲಿ ಕಲಿತು ತಮ್ಮ ತಾಲೂಕಿಗೆ ಹಿಂದಿರುಗಿ ಶಾಲಾ ಮಕ್ಕಳಿಗೆ ನಾಟಕ ಆಡಿಸುತ್ತಿರುವವರು ಎಷ್ಟೋ ಮಂದಿ ಇದ್ದಾರೆ. ತಿರುಗಾಟದ ಗಾಡಿ ಅವರೂರಿಗೆ ಬಂದ ದಿನ ಸೆಟ್ಟು ಇಳಿಸಲು ಮೊದಲು ಕೈಹಾಕುವವರು ಅವರೇ.